ಹಿತ್ತಲಿನ ನೀಲಿ ಕಾಳು

ಹರಿಹರ

ಮಗಳು ಅಂಕಿತಾಳಿಗೆ ಅಪ್ಪನ ಆಶೀರ್ವಾದಗಳು.

ಹಿತ್ತಲಿಗೆ ಈಗ ವಿಷ ಹಾಕುತ್ತಿಲ್ಲ. ನೆಮಟೋಡ್ ಎಂಬ, ಕಣ್ಣಿಗೆ ಕಾಣದ ಹುಳುಗಳನ್ನು ನೀರಿನಲ್ಲಿ ಕಲಸಿ ಮಣ್ಣಿಗೆ ಹಾಕುತ್ತೇನೆ. ಅವು ಸೊಪ್ಪು ತಿನ್ನುವ ಸಿಂಬಳಹುಳುಗಳ ಒಳಹೊಕ್ಕು ಕೊಲ್ಲುತ್ತವೆ. ಮಕ್ಕಳಿಗೆ ಏನೂ ಮಾಡುವುದಿಲ್ಲ.

ಹೋದ ವರ್ಷವೇ ಇದು ಗೊತ್ತಿದ್ದರೆ ನಿನ್ನ ದೊಡ್ಡವಳು ಕೃತಿಕಾ ಉಳಿಯುತ್ತಿದ್ದಳು. ಸಿಂಬಳಹುಳುಗಳಿಗೆಂದು ನಾನು ಚೆಲ್ಲಿದ್ದ ವಿಷದ ಕಾಳನ್ನು ಅವಳು ಯಾರಿಗೂ ಕಾಣದಂತೆ ತಿಂದಳೆಂದು ದಾವಣಗೆರೆಯ ಆಸ್ಪತ್ರೆಯಲ್ಲಿ ನಿನಗೆ ಹೇಳಿದ್ದೆ. ಅದು ಸುಳ್ಳು. "ಅಜ್ಜಾ, ನೀಲಿ ಮಿಠಾಯಿ ಐತೆ, ತಿನ್ಲಾ?" ಎಂದು ಅವಳು ಕೇಳಿದ್ದಳು. ಪೇಪರ್ ಓದುತ್ತಿದ್ದ ನಾನು ತಲೆಯೆತ್ತದೆ "ತಿನ್ನವ್ವಾ" ಎಂದೆ.

ಅವಳ ವರ್ಷದ ಪೂಜೆಗೆ ಸಣ್ಣ ಮಗಳನ್ನೂ ಕರೆತರುತ್ತೇನೆ ಎಂದಿದ್ದೀಯ. ಇದನ್ನು ಓದಿದ ಮೇಲೂ ಬರಬೇಕೆನಿಸಿದರೆ ಬಾ. ಮಗುವನ್ನು ಮಾತ್ರ ನನ್ನೊಬ್ಬನ ಬಳಿ ಬಿಡಬೇಡ.

ನಿನ್ನ ಅಪ್ಪ,
ವಾಮದೇವಪ್ಪ