ಸುಣ್ಣ ಹೇಳಿದ ಗಾಳಿ

ಜೂನ್ 11, ಬುಧವಾರ

ಕಾರಿನ ಕೀ ಇನ್ನೂ ನನ್ನ ಹತ್ತಿರವೇ ಇದೆ! ಅಗಲದ ಟೈರ್ ಬೇಕೆಂದು ಹಟ ಹಿಡಿದವನು ನಾನೇ. ಹಾಕಿಸಿದ ಮೇಲೆ ಕಾರು ಕುಪ್ಪಳಿಸತೊಡಗಿತು, ಅಜ್ಜಿ ಸೊಂಟ ಹಿಡಿದುಕೊಂಡಳು. "ಅವ್ವ ಇನ್ನೊಂದ್ ಸಲ ನೋವು ಅಂದ್ರೆ ಕೀ ನಿಮ್ಮಣ್ಣಂಗೆ ಕೊಡ್ತೀನಿ ಕಣ್ಲಾ" ಎಂದಿದ್ದರು ಅಪ್ಪ.

ನಮ್ಮ ಕಡೆ ತೆಂಗಿನಕಾಯಿ ಹೇರುವ ಗಾಡಿಗೆ ನಲವತ್ತು ಪಾಯಿಂಟ್ ಗಾಳಿ ಹೊಡೆಸುವುದು ರೂಢಿ. ನಮ್ಮ ಡಿಕ್ಕಿಯಲ್ಲೂ ಆಗಾಗ ಕಾಯಿ ಮೂಟೆ ಇರುತ್ತದೆ, ಹಾಗಾಗಿ ನಾನೂ ಯೋಚಿಸದೆ ಹೊಸ ಟೈರಿಗೂ ಅಷ್ಟೇ ಹೊಡೆಸಿದ್ದೆ. ಇವತ್ತು ಅಜ್ಜಿಯ ಎಲೆಅಡಿಕೆ ಚೀಲದ ಸುಣ್ಣವನ್ನು ಟೈರಿಗೆ ಅಡ್ಡಲಾಗಿ ಬಳಿದು, ಒಣಗಿದ ಮೇಲೆ ಸಿಮೆಂಟ್ ಕಣದಲ್ಲಿ ಖಾಲಿ ಕಾರು ಓಡಿಸಿದೆ. ನಡುವೆ ಮಾತ್ರ ಸುಣ್ಣ ಅಳಿಸಿತ್ತು, ಅಂಚುಗಳು ನೆಲವನ್ನೇ ಮುಟ್ಟಿರಲಿಲ್ಲ. ಅಂದರೆ ಗಾಳಿ ಜಾಸ್ತಿಯಾಗಿ ಟೈರ್ ನಡುವೆ ಉಬ್ಬಿತ್ತು. ಗಾಳಿ ಇಳಿಸಿ ಮತ್ತೆ ಬಳಿದೆ. ಮೂವತ್ತೆರಡಕ್ಕೆ ಅಂಚಿನಿಂದ ಅಂಚಿಗೆ ಸಮನಾಗಿ ಅಳಿಸಿತು. ಕಣದಲ್ಲೇ ಕುಣಿದುಬಿಟ್ಟೆ.

"ಟೈರ್‌ಗೂ ಎಲೆಅಡಿಕೆ ಹಾಕ್ಸ್ತೀಯೇನ್ಲಾ?" ಎಂದು ಅಣಕಿಸಿದ ಅಜ್ಜಿ, ಸಂಜೆ ಅದೇ ಕಾರಿನಲ್ಲಿ ತುರುವೇಕೆರೆ ಮುಟ್ಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದಳು!

"ನಿಂಗೆಲ್ಲಾ ಗೊತ್ತು ಬುಡ್ಲಾ" ಎಂದರು ಪಕ್ಕದಲ್ಲಿದ್ದ ಅಪ್ಪ. ಸುಮ್ಮನಿರಬಹುದಿತ್ತು, ಆಗಲಿಲ್ಲ. "ಇಲ್ಲ ಕಣಪ್ಪ, ಕಾಯಿ ಹೇರ್ದಾಗ ಎಷ್ಟು ಬೇಕು ಅಂತ ಇನ್ನೂ ಗೊತ್ತಿಲ್ಲ" ಎಂದೆ.

ಅಪ್ಪ ನನ್ನ ಕಡೆ ತಿರುಗಿದರು. "ಸರಿ, ನಾಳೆ ಮೂಟೆ ನಾನ್ ಹೇರ್ತೀನಿ. ನೀನ್ ನೋಡಿ ಹೇಳು."

ನಾನು ಸ್ಕೂಲು ಬಿಟ್ಟ ಮೇಲೆ ಅಪ್ಪ ನನ್ನನ್ನು ಏನಾದರೂ ಹೇಳು ಎಂದು ಕೇಳಿದ್ದು ಇದೇ ಮೊದಲು. ನಿದ್ದೆ ಎಳೆಯುತ್ತಿದೆ, ಆದರೆ ಮಲಗಲು ಮನಸ್ಸೇ ಇಲ್ಲ.