ತೊಟ್ಟಿಲಿನಿಂದ ಅಣ್ಣನನ್ನು ದೂರ ಇಡಿ ಎಂದವರು

ಮಾರ್ಚ್ 4, ಮಂಗಳವಾರ
ಕೂಸಿಗೆ ಎಣ್ಣೆ ಹಚ್ಚಿ ಎರೆದೆ. ಮಲಗಿದಳು. ಕೈ ಇನ್ನೂ ಜಿಡ್ಡು, ಆದರೂ ಬರೆದೇ ಬಿಡುತ್ತೇನೆ. ನಿನ್ನೆ ಹಾನಗಲ್ಲಿನ ತಾಯಂದಿರ ಸಭೆಯಲ್ಲಿ ನನಗೆ ಅನ್ಯಾಯವಾಯಿತು. ಹೊರಗಿನಿಂದ ಬಂದ ತಜ್ಞರೊಬ್ಬರು ನನ್ನನ್ನೂ ಕೂಸನ್ನೂ ವೇದಿಕೆಗೆ ಕರೆದು, ಕೂಸನ್ನು ಆಡಿಸಿ ಅಂದರು. ಗಿಲಕಿ ಆಡಿಸಿದೆ, ಕೆನ್ನೆ ಹಿಡಿದು ತಿರುಗಿಸಿದೆ, ಹೆಸರು ಕರೆದೆ. ಕೇಳಿದರೆಂದು ದೊಡ್ಡವನ ಆಟಿಸಂ ವಿಷಯವನ್ನೂ ಹೇಳಿದೆ. ಮೈಕಿನಲ್ಲಿ ಅಂದರು: "ನೋಡಿ, ಈ ತಾಯಿ ಮಗುವಿಗೆ ಉಸಿರಾಡಲೂ ಬಿಡ್ತಿಲ್ಲ. ದೊಡ್ಡವನಿಗೆ ಆಟಿಸಂ ಬಂದಿದ್ದು ಇದರಿಂದಲೇ. ಅವನನ್ನು ನೋಡಿ ಈ ಕೂಸೂ ಹಾಗೇ ಕಲಿಯುತ್ತೆ, ತೊಟ್ಟಿಲ ಹತ್ತಿರ ಅವನನ್ನು ಬಿಡಬೇಡಿ."
ದೊಡ್ಡವನು ಮೈಲಾರಲಿಂಗ, ಆರು ವರ್ಷ. ಮೂರು ವರ್ಷದ ಹಿಂದೆ ಶಿಗ್ಗಾವಿಯಲ್ಲಿ ಇದೇ ಮನುಷ್ಯ, "ತಾಯಿ ಮಾತಾಡಿಸಿಲ್ಲ, ಅದಕ್ಕೇ ಹೀಗೆ" ಅಂದಿದ್ದರು. ಆಗ ಕಡಿಮೆಯಾಯಿತು, ಈಗ ಅತಿಯಾಯಿತು. ಅವರು ಮರೆತಿರಬಹುದು, ನಾನು ಮರೆತಿಲ್ಲ. ತಾಯಿಯಿಂದ ಆಟಿಸಂ ಎಂಬ ಮಾತು ಸುಳ್ಳೆಂದು ತೀರ್ಮಾನವಾಗಿ ದಶಕಗಳೇ ಆದವು. ಓದಿದ್ದೇನೆ.

ಮಾರ್ಚ್ 5
ಅತ್ತೆ ಲಿಂಗನ ಬಟ್ಟೆ ಚೀಲಕ್ಕೆ ತುಂಬಿದ್ದಾರೆ.
"ಮಾಸೂರಿಗೆ ಮಾಲಾನ ಮನಿಗೆ ಕಳಿಸೂನು. ಕೂಸು ಮಾತು ಕಲಿಯೂತನಕ."
ಮಾಲಾ ನನ್ನ ನಾದಿನಿ.
"ನನ್ನ ಮಗನ್ನ ಎಲ್ಲೂ ಕಳಿಸೂದಿಲ್ರಿ ಅತ್ತಿ."
"ಮೈಕಿನ್ಯಾಗ ಹೇಳ್ಯಾರಲ್ಲವಾ."
"ಬಾಳಿಹಣ್ಣು ಮಾರಾವನೂ ಮೈಕಿನ್ಯಾಗ ಹೇಳ್ತಾನ್ರಿ."
ಇವರು ಗಡ್ಡ ಹೆರೆದುಕೊಳ್ಳುತ್ತ ನಕ್ಕರು. ಚೀಲ ಮಾತ್ರ ಬಿಚ್ಚಲಿಲ್ಲ.

ಮಾರ್ಚ್ 11
ಇಷ್ಟು ದಿನ ಕೂಸನ್ನು ಮುಟ್ಟಲೂ ಹೆದರಿಕೆ. ಹಿಂದಿನಿಂದ ಕರೆಯುವುದು, ತಿರುಗಿದಳೇ ಎಂದು ನೋಡುವುದು... ಆಡಿಸುತ್ತಿರಲಿಲ್ಲ, ಪರೀಕ್ಷೆ ಮಾಡುತ್ತಿದ್ದೆ. ಹೆದರಿಸಿಟ್ಟವರು ಯಾರು?
ಇವತ್ತು ಮಾಲಾ ಲಿಂಗನನ್ನು ಕರೆದೊಯ್ಯಲು ಬಂದಳು. ಅವನು ತೊಟ್ಟಿಲ ಹತ್ತಿರವೇ ಇದ್ದ. ಹೆಸರಿಡುವ ದಿನ ಪದ್ಧತಿಯಂತೆ ಸೋದರತ್ತೆಯಾಗಿ ಮಾಲಾ ಕೂಸಿನ ಕಿವಿಯಲ್ಲಿ ಕುರ್ರ್ ಅಂದದ್ದು, ಹೆಂಗಸರು ತಮಾಷೆಗೆ ಅವಳ ಬೆನ್ನಿಗೆ ಗುದ್ದಿದ್ದು — ನೋಡಿದಾಗಿನಿಂದ ಅವನಿಗೆ ಅದೇ ಆಟ. ಬಗ್ಗಿ ಕುರ್ರ್ ಅಂದ. ತನ್ನ ಬೆನ್ನಿಗೆ ತಾನೇ ಗುದ್ದಿಕೊಂಡ. ನಾನು ಕರೆದರೆ ತಿರುಗದವಳು ಅವನತ್ತ ತಿರುಗಿ ಕೇಕೆ ಹಾಕಿದಳು. ಮತ್ತೆ. ಮತ್ತೆ.
ಮಾಲಾ ಚೀಲ ಬಿಚ್ಚಿದಳು. "ಅವ್ವಾ, ಇಂವ ಇಲ್ಲೇ ಇರ್ಲಿ. ನನ್ನ ಕೆಲಸಾನ ಕಸಗೊಂಡಾನ. ಕುರ್ರ್ ಅಂದಿದ್ದಕ್ಕ ಕೊಡೂ ಸೀರಿ ಮಾತ್ರ ನನಗ ಬರಬೇಕ."
ಅತ್ತೆ ಬಟ್ಟೆ ಮಡಚಿ ಗೂಡಿಗೆ ಇಟ್ಟರು.

ಮಾರ್ಚ್ 17, ಬೆಳಿಗ್ಗೆ
ಇವತ್ತು ಹಿರೇಕೆರೂರಿನಲ್ಲಿ ಆ ತಜ್ಞರ ಸಭೆ. ಇಬ್ಬರೂ ಮಕ್ಕಳೊಂದಿಗೆ ಹೊರಟಿದ್ದೇನೆ. ಒಳಗೆ ಕರೆದು ಸಮಾಧಾನ ಹೇಳುವುದು ಬೇಡ, ಚಹಾ ಬೇಡ. ತುಂಬಿದ ಸಭೆಯಲ್ಲಿ ಆಡಿದ ಮಾತಿಗೆ ತುಂಬಿದ ಸಭೆಯಲ್ಲೇ ಉತ್ತರ ಬೇಕು. ಯಾವ ಆಧಾರದ ಮೇಲೆ ತಂಗಿಯಿಂದ ಅಣ್ಣನನ್ನು ದೂರ ಇಡಿ ಅಂದಿರಿ? ನಿಮ್ಮ ಮಾತು ನಂಬಿ ಎಷ್ಟು ತಾಯಂದಿರು ಮಕ್ಕಳನ್ನು ಬೇರೆ ಮಾಡಿದ್ದಾರೆ? ಎಲ್ಲರ ಎದುರು ಹೇಳಿ. ಹೇಳುವವರೆಗೆ ನಾನು ಆ ವೇದಿಕೆಯಿಂದ ಇಳಿಯುವುದಿಲ್ಲ.