ಗೋಡೆಯ ಮೇಲಿನ ಕರಿ ಹಾವು

ಸಾವರ್ಡೆ, ಗೋವಾ
೯ ಫೆಬ್ರುವರಿ ೧೯೯೨

ಹುಲಿಗೆವ್ವನ ಅಪ್ಪನವರಿಗೆ ಸತ್ಯವ್ವನ ನಮಸ್ಕಾರ.

ಹೇಗಿದ್ದೀರಿ? ಜ್ವರ ಮತ್ತೆ ಬಂತೇ? ಉಗುಳಿನಲ್ಲಿ ರಕ್ತ ಕಾಣಿಸಿತೇ? ಅತ್ತೆಯವರ ಮಂಡಿನೋವು ಹೇಗಿದೆ? ಕ್ಷೇಮ ಕೇಳುವುದು ರೀತಿ, ಕೇಳಿದೆ. ಇನ್ನು ನನ್ನ ಸಿಟ್ಟು ಕೇಳಿ.

ನಾನು ಸ್ಲ್ಯಾಬಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ತಾಯಿ-ಮಗ ಊರಿನ ಬಸ್ಸು ಹತ್ತಿದ್ದಿರಿ. ನನಗೊಂದು ಮಾತು ಹೇಳಲಿಲ್ಲ. ದವಾಖಾನೆಯವರು ಕೊಟ್ಟ ಟಿಬಿ ಗುಳಿಗೆ ಒಲೆಯ ಹಿಂದೆ ಬಿದ್ದಿದ್ದವು. ಆ ಗುಳಿಗೆಯಿಂದಲೇ ಅಲ್ಲವೇ ನಿಮ್ಮ ಜ್ವರ ಇಳಿದದ್ದು? ದೀಪಾವಳಿಗೆ ಅರ್ಧ ರೊಟ್ಟಿ ಸೇರದವರು ಸಂಕ್ರಾಂತಿಗೆ ಮೂರು ತಿಂದು ಇನ್ನೊಂದು ಕೇಳಿದಿರಿ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ನಿಮಗೆ ಗೊತ್ತಿಲ್ಲ. ಗೋಡೆಯ ಮೇಲಿನ ಒಂದು ಚಿತ್ರ ನೋಡಿ ಎಲ್ಲ ಮರೆತುಬಿಟ್ಟಿರಿ.

ಆ ಚಿತ್ರ ಬರೆದವನ ಕೈ ಸೇದಿ ಹೋಗಲಿ. ನಮ್ಮ ಕ್ಯಾಂಪಿನ ನಳದ ಎದುರಿಗೇ ಸರಕಾರದವರು ಬರೆಸಿದ್ದು, ಗಂಡಸೊಬ್ಬನ ಎದೆಗೆ ಸುತ್ತಿಕೊಂಡ ಕರಿ ಹಾವು. ಕೆಳಗೆ ನಮ್ಮಲ್ಲಿ ಯಾರಿಗೂ ಓದಲು ಬಾರದ ಮರಾಠಿ ಅಕ್ಷರ. ಅತ್ತೆ ನೋಡಿದ್ದೇ ತಡ, "ಸರಕಾರದವ್ರಿಗೂ ತಿಳದೇತಿ, ಇದು ಸರ್ಪಸುತ್ತು. ಹೆಡಿ-ಬಾಲ ಕೂಡಿದ್ರ ಜೀವಾ ಹೋಗತೇತಿ, ಅಷ್ಟ್ರಾಗ ಊರಿಗೆ ಹೋಗಿ ಕೆಮ್ಮಣ್ಣು ಹಚ್ಚಿಸಬೇಕು, ಗುಳಿಗಿ-ಸೂಜಿ ಮುಟ್ಟಬಾರ್ದು" ಎಂದರಂತೆ. ನೀವು ಹೂಂ ಅಂದಿರಂತೆ. ಸರ್ಪಸುತ್ತಾದರೆ ಮೈಮೇಲೆ ಗುಳ್ಳೆ ಏಳಬೇಕಲ್ಲ, ಒಂದಾದರೂ ಇತ್ತೇ? ಅಂಗಿ ಬಿಚ್ಚಿ ನೋಡಿಕೊಳ್ಳಲು ಆಗಲಿಲ್ಲವೇ? ಅತ್ತೆಗೆ ವಯಸ್ಸಾಗಿದೆ, ನಿಮಗೇನಾಗಿತ್ತು?

ಆ ಪೇಂಟರ್ ಮೊನ್ನೆ ಬಣ್ಣ ತಿದ್ದಲು ಬಂದಿದ್ದ. ಅಡ್ಡ ನಿಂತು ಕೇಳಿದೆ. "ಅರೆ ಬಾಯ್, ತೊ ಖರೊ ಸೊರೊಪ್ ನ್ಹಯ್" ಎಂದು ನಕ್ಕ. ಅದು ನಿಜವಾದ ಹಾವಲ್ಲವಂತೆ, ಟಿಬಿ ರೋಗ ಹಾವಿನ ಹಾಗೆ ಸುತ್ತಿಕೊಳ್ಳುತ್ತದೆ ಎಂದು ಜನ ತಿಳಿದುಕೊಳ್ಳಬೇಕಂತೆ. ನನಗೆ ಮೈಯೆಲ್ಲ ಉರಿಯಿತು. ಹಾಗಾದರೆ ಗುಳಿಗೆ ನುಂಗುವವನನ್ನು ಬರೆಯಬೇಕಿತ್ತು, ನಿನ್ನ ಹಾವು ನೋಡಿ ನಮ್ಮ ಮನೆಯವರು ಗುಳಿಗೆ ಎಸೆದು ಹೋದರು ಎಂದು ನನ್ನ ಹರಕು ಹಿಂದಿಯಲ್ಲಿ ಕೂಗಾಡಿದೆ. ಮೇಲಿನವರು ಕೊಟ್ಟ ಚಿತ್ರ ಎಂದು ಬ್ರಷ್ಷು ಎತ್ತಿಕೊಂಡು ನಡೆದ. ಅವನು ಹೋದ ಮೇಲೆ ನಮ್ಮ ಹೆಂಗಸರೇ ಬಂದು ಆ ಹಾವಿಗೆ ಅರಿಶಿನ-ಕುಂಕುಮ ಹಚ್ಚಿದರು. ಯಾರಿಗೆ ಬುದ್ಧಿ ಹೇಳಲಿ?

ಈ ಪತ್ರವನ್ನೂ ನಿಮ್ಮ ಗುಳಿಗೆಯನ್ನೂ ಪಕ್ಕದ ಗುಡಿಸಲಿನ ಲಾಡಸಾಬಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರ ಟ್ರಕ್ಕು ಮರಳುವಾಗ ಅದರಲ್ಲೇ ಬನ್ನಿ. ಕೆಮ್ಮಣ್ಣು ಹಚ್ಚಿಸಿಕೊಂಡಿದ್ದರೆ ತೊಳೆದುಕೊಂಡು ಬನ್ನಿ. ಅತ್ತೆಯವರಿಗೆ ಶರಣು ಹೇಳಿ, ಸಿಟ್ಟು ಅವರ ಮೇಲೂ ಇದೆ ಎಂದೂ ಹೇಳಿ.

ನಿಮ್ಮ
ಸತ್ಯವ್ವ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಮ್ಮ ಹುಲಿಗೆವ್ವನಿಗೂ ಕೆಮ್ಮು ಹತ್ತಿ, ಸಂಜೆಯಾದರೆ ಮೈ ಬಿಸಿಯಾಗುತ್ತಿತ್ತು. ನಿನ್ನೆ ದವಾಖಾನೆಯವರು ಟಿಬಿಯೇ ಅಂದರು, ಗುಳಿಗೆ ಕೊಟ್ಟಿದ್ದಾರೆ. ಬಾಯಿಗಿಟ್ಟರೆ ಉಗುಳುತ್ತಾಳೆ. "ಅಪ್ಪ ಒಗದಾನ, ನಾ ಯಾಕ ನುಂಗ್ಲಿ?" ಅನ್ನುತ್ತಾಳೆ. ಬೇಗ ಬಂದು ಅವಳ ಎದುರಿಗೆ ಕೂತು ನಿಮ್ಮ ಗುಳಿಗೆ ನುಂಗಿ.